ಆರ್‌ಸಿಯಲ್ಲಿ ಕೊನೆಗೆ ಎರಡು ಆಪ್ಷನ್ ಉಳಿಯುತ್ತವೆ, ನಾನು ತಪ್ಪಾದದ್ದನ್ನೇ ಒತ್ತುತ್ತೇನೆ

ಎರಡರಲ್ಲೊಂದು:
ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಇನ್ನು ಏಳು ವಾರ ಇದೆ. ಗಣಿತದ ಚಿಂತೆ ಇಲ್ಲ. ವರ್ಬಲ್‌ನಲ್ಲಿ, ಅಂದರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ, ಖಾಲಿ ಜಾಗ ತುಂಬುವ ಪ್ರಶ್ನೆಗಳೂ ಪರವಾಗಿಲ್ಲ. ಪದ ಗೊತ್ತಿದ್ದರೆ ಬರುತ್ತವೆ, ಇಲ್ಲದಿದ್ದರೆ ಇಲ್ಲ. ತಲೆ ಕೆಡಿಸಿರುವುದು ರೀಡಿಂಗ್ ಕಾಂಪ್ರಹೆನ್ಷನ್, ಅಂದರೆ ಆರ್‌ಸಿ: ಪ್ಯಾಸೇಜ್ ಓದಿ ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುವುದು.

ಪ್ಯಾಸೇಜ್ ಅರ್ಥವಾಗುತ್ತದೆ. ಯಾರಾದರೂ ಕೇಳಿದರೆ ಅದರಲ್ಲಿ ಏನಿದೆ ಅಂತ ಹೇಳಬಲ್ಲೆ. ಐದರಲ್ಲಿ ಮೂರು ಆಪ್ಷನ್ ಸಲೀಸಾಗಿ ಹೊಡೆದು ಹಾಕುತ್ತೇನೆ. ಉಳಿದ ಎರಡರ ಮುಂದೆ ಒಂದು ನಿಮಿಷ ಒದ್ದಾಡುತ್ತೇನೆ. ಆಮೇಲೆ ಒತ್ತಿದ್ದು ತಪ್ಪು. ನಾಣ್ಯ ಚಿಮ್ಮಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು ಅಲ್ವಾ? ನನ್ನದು ಅದಕ್ಕಿಂತ ಕಡಿಮೆ.

ಕೋಚಿಂಗ್‌ನಲ್ಲಿ ಕೇಳಿದರೆ ‘ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು ನೋಡಿ, ನಡುವೆ ಸುಮ್ನೆ ಕಣ್ಣಾಡಿಸಿ’ ಅಂದರು. ಹಾಗೆ ಮಾಡಿದ ಮೇಲೆ ತಪ್ಪುಗಳು ಇನ್ನೂ ಜಾಸ್ತಿಯಾದವು.

ಕಡೇಬೆಂಚು:
ಹಾಗಾದರೆ ಉಪಾಯ ಸುಲಭ. ನಿಮಗೆ ಸರಿ ಅನ್ನಿಸಿದ್ದನ್ನು ಬಿಟ್ಟು ಇನ್ನೊಂದನ್ನು ಒತ್ತಿ.

ಮರಳಿಯತ್ನ:
ಕಡೇಬೆಂಚು ತಮಾಷೆಗೆ ಹೇಳಿದ್ದರಲ್ಲೂ ಒಂದು ವಿಷಯ ಇದೆ. ಅರ್ಧಕ್ಕಿಂತ ಕಡಿಮೆ ಸರಿಯಾಗುತ್ತಿದೆ ಅಂದರೆ ನೀವು ಊಹಿಸುತ್ತಿಲ್ಲ. ಏನೋ ಒಂದು ನಿಮ್ಮನ್ನು ಪ್ರತಿ ಸಲ ಅದೇ ಬಗೆಯ ತಪ್ಪು ಆಪ್ಷನ್ ಕಡೆಗೆ ಎಳೆಯುತ್ತಿದೆ. ನನಗೆ ಇದು ಒಳ್ಳೆಯ ಸುದ್ದಿ ಅನ್ನಿಸುತ್ತದೆ. ರೋಗ ಒಂದೇ ಇದ್ದರೆ ಮದ್ದೂ ಒಂದೇ.

ಈಚೆಗೆ ತಪ್ಪಾದ ಹತ್ತು ಪ್ರಶ್ನೆ ತೆಗೆಯಿರಿ. ಸರಿ ಉತ್ತರ ಯಾಕೆ ಸರಿ ಅಂತ ಈಗ ನೋಡಬೇಡಿ. ನೀವು ಒತ್ತಿದ್ದು ನಿಮಗೆ ಯಾಕೆ ಇಷ್ಟವಾಯಿತು ಅಂತ ಒಂದೊಂದು ಸಾಲು ಬರೆಯಿರಿ. ಇಲ್ಲೇ ಹಾಕಿ, ನೋಡೋಣ.

ಎರಡರಲ್ಲೊಂದು:
ಬರೆದೆ. ಓದಿಕೊಂಡರೆ ನಾಚಿಕೆಯಾಗುತ್ತಿದೆ. ‘ಚೆನ್ನಾಗಿ ಬರೆದಿದ್ದರು.’ ‘ಪ್ಯಾಸೇಜ್‌ನಲ್ಲಿದ್ದ ಪದಗಳೇ ಇದ್ದವು.’ ‘ಇದು ನನಗೆ ಮೊದಲೇ ಗೊತ್ತಿದ್ದ ವಿಷಯ.’ ‘ಇನ್ನೊಂದು ಆಪ್ಷನ್ ತುಂಬಾ ಸಪ್ಪೆ ಅನ್ನಿಸಿತು.’ ಈ ಕೊನೆಯದು ನಾಲ್ಕು ಸಲ ಬಂದಿದೆ.

ಮರಳಿಯತ್ನ:
ಆ ‘ಸಪ್ಪೆ’ಯ ಹತ್ತಿರ ನಿಲ್ಲೋಣ. ಒಂದು ಮಾದರಿ ಪ್ಯಾಸೇಜ್ ಬರೆಯುತ್ತೇನೆ. ನಾನೇ ಬರೆದದ್ದು, ಕನ್ನಡದಲ್ಲಿ. ಭಾಷೆಯ ಕಷ್ಟವನ್ನು ಪಕ್ಕಕ್ಕಿಟ್ಟರೆ ಎಡವುವ ಜಾಗ ಎಲ್ಲಿ ಅಂತ ಚೆನ್ನಾಗಿ ಕಾಣುತ್ತದೆ.

‘ಖಂಡಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದು ಆಮೇಲೆ ಸರಿದು ದೂರವಾದವು ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಮುಂದಿಟ್ಟ ವಾದವನ್ನು ಅಂದಿನ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಲಿಲ್ಲ. 1960ರ ದಶಕದಲ್ಲಿ ಸಾಗರತಳ ಹರಡುತ್ತಿರುವುದಕ್ಕೆ ಸಾಕ್ಷ್ಯ ಸಿಕ್ಕಿತು. ಖಂಡಗಳ ಚಲನೆ ಪಠ್ಯಪುಸ್ತಕ ಸೇರಿತು. ಹೀಗಾಗಿ ಅಂದಿನ ವಿರೋಧಿಗಳನ್ನು ಕಣ್ಣಿದ್ದೂ ಕಾಣದವರು ಎಂದು ಚಿತ್ರಿಸುವುದು ರೂಢಿಯಾಗಿದೆ. ಆದರೆ ಈ ಚಿತ್ರ ಪೂರ್ತಿ ನ್ಯಾಯದ್ದಲ್ಲ. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಒಂದೇ ಬಗೆಯ ಪಳೆಯುಳಿಕೆಗಳಿರುವುದು ಅವರಿಗೂ ತಿಳಿದಿತ್ತು. ಅವರ ಒಂದು ಮುಖ್ಯ ಆಕ್ಷೇಪ ಇದ್ದದ್ದು ಖಂಡಗಳನ್ನು ದೂಡುವ ಬಲದ ಬಗ್ಗೆ. ವೆಗೆನರ್ ಸೂಚಿಸಿದ ಬಲಗಳು ಭೂಮಿಯ ತಿರುಗುವಿಕೆಯಿಂದ ಮತ್ತು ಉಬ್ಬರವಿಳಿತದಿಂದ ಹುಟ್ಟುವಂಥವು. ಅವು ಈ ಕೆಲಸಕ್ಕೆ ತೀರಾ ದುರ್ಬಲ ಎಂದು ವಿರೋಧಿಗಳು ಲೆಕ್ಕ ಹಾಕಿ ತೋರಿಸಿದ್ದರು. ಆ ಲೆಕ್ಕ ಇಂದಿಗೂ ನಿಲ್ಲುತ್ತದೆ.’

ಪ್ರಶ್ನೆ: ಲೇಖಕರು ಇವುಗಳಲ್ಲಿ ಯಾವ ಮಾತನ್ನು ಒಪ್ಪುವ ಸಾಧ್ಯತೆ ಹೆಚ್ಚು?

ಎ. ವೆಗೆನರ್ ಹವಾಮಾನ ವಿಜ್ಞಾನಿಯಾಗಿದ್ದರಿಂದ ಭೂವಿಜ್ಞಾನಿಗಳು ಅವರ ಮಾತಿಗೆ ಬೆಲೆ ಕೊಡಲಿಲ್ಲ.
ಬಿ. ಒಂದು ವಾದದ ತೀರ್ಮಾನ ಸರಿಯಿದ್ದರೂ ಅದಕ್ಕೆ ಬಂದ ಆಕ್ಷೇಪದಲ್ಲಿ ಹುರುಳಿರಬಹುದು.
ಸಿ. ವೆಗೆನರ್ ಸೂಚಿಸಿದ ಬಲಗಳೇ ಖಂಡಗಳನ್ನು ದೂಡುತ್ತಿವೆ ಎಂದು 1960ರ ದಶಕದಲ್ಲಿ ಸಾಬೀತಾಯಿತು.
ಡಿ. ಕಾರಣ ತಿಳಿಯದ ಯಾವ ವಾದವನ್ನೂ ವಿಜ್ಞಾನಿಗಳು ಒಪ್ಪಬಾರದು.
ಇ. ವೆಗೆನರ್ ಅವರ ವಿರೋಧಿಗಳಿಗೆ ಪಳೆಯುಳಿಕೆಗಳ ಸಾಕ್ಷ್ಯ ಗೊತ್ತಿರಲಿಲ್ಲ.

ಕಡೇಬೆಂಚು:
ಡಿ. ಲೇಖಕರು ವಿರೋಧಿಗಳ ಪರ ವಕಾಲತ್ತು ಮಾಡುತ್ತಿದ್ದಾರೆ. ವಿರೋಧಿಗಳು ಕಾರಣ ಸರಿಯಿಲ್ಲ ಅಂತ ಒಪ್ಪಲಿಲ್ಲ. ಮುಗಿಯಿತು.

ಶಿಲಾಪಟ:
ನಾನು ಓದಿದ್ದೇ ಭೂವಿಜ್ಞಾನ. ಕಣ್ಣು ಮುಚ್ಚಿ ಎ ಅನ್ನುತ್ತೇನೆ. ವೆಗೆನರ್ ಡಾಕ್ಟರೇಟ್ ಖಗೋಳಶಾಸ್ತ್ರದ್ದು, ಕೆಲಸ ಹವಾಮಾನದ್ದು. ಹೊರಗಿನವನು ಅನ್ನುವ ಅಸಡ್ಡೆ ಇತ್ತು ಅಂತ ನಮಗೆ ಪಾಠದಲ್ಲೇ ಹೇಳಿದ್ದಾರೆ.

ಎರಡರಲ್ಲೊಂದು:
ನನಗೆ ಬಿ ಮತ್ತು ಡಿ ಉಳಿದವು. ಡಿ ಒತ್ತಬೇಕು ಅನ್ನಿಸುತ್ತಿದೆ. ಆದ್ದರಿಂದ ಬಿ.

ಮರಳಿಯತ್ನ:
ಬಿ ಸರಿ. ಆದರೆ ಹಾಗೆ ತಲುಪಿದ್ದಕ್ಕೆ ಅಂಕ ಇಲ್ಲ!

ಶಿಲಾಪಟ ಅವರೇ, ನೀವು ಬಿದ್ದದ್ದು ಗೊತ್ತಿದ್ದವರು ಬೀಳುವ ಹೊಂಡಕ್ಕೆ. ನೀವು ಹೇಳಿದ್ದು ಲೋಕದಲ್ಲಿ ನಿಜವಿರಬಹುದು. ಈ ಪ್ಯಾಸೇಜ್‌ನಲ್ಲಿ ವೆಗೆನರ್ ಯಾರು, ಏನು ಓದಿದ್ದರು ಅಂತ ಒಂದಕ್ಷರವೂ ಇಲ್ಲ. ಇಲ್ಲಿ ಕೇಳಿದ್ದು ಈ ಲೇಖಕರು ಏನು ಒಪ್ಪುತ್ತಾರೆ ಅಂತ. ಜಿಆರ್‌ಇ ನಡೆಸುವ ಇಟಿಎಸ್ ಕೂಡ ಇದನ್ನೇ ಹೇಳುತ್ತದೆ: ಪ್ಯಾಸೇಜ್‌ನಲ್ಲಿ ಹೇಳಿರುವುದು ಅಥವಾ ಸೂಚಿಸಿರುವುದರ ಮೇಲೆ ಉತ್ತರಿಸಿ, ಹೊರಗಿನ ತಿಳಿವಳಿಕೆ ತರಬೇಡಿ. ನಮ್ಮ ವಿಷಯದ ಪ್ಯಾಸೇಜ್ ಬಂದರೆ ನಾವು ಖುಷಿಪಡುತ್ತೇವೆ. ನಾನು ಮಾತ್ರ ಆಗ ಇನ್ನಷ್ಟು ಹುಷಾರಾಗುತ್ತೇನೆ.

ಇ ಹಾಕಿದ್ದು ಓದದೆ ಒತ್ತುವವರಿಗೆ. ಪ್ಯಾಸೇಜ್ ಹೇಳಿದ್ದಕ್ಕೆ ಉಲ್ಟಾ. ಸಿ ಸ್ವಲ್ಪ ಜಾಣತನದ್ದು. 1960, ಖಂಡ, ಬಲ, ಎಲ್ಲ ಪ್ಯಾಸೇಜ್‌ನ ಪದಗಳೇ, ಆದರೆ ಜೋಡಣೆ ತಪ್ಪು. ‘ಪದಗಳೇ ಇದ್ದವು’ ಅಂತ ಬರೆದಿದ್ದಿರಲ್ಲ, ಆ ತಪ್ಪು ಹುಟ್ಟುವುದು ಇಂಥ ಕಡೆ.

ಇನ್ನು ಡಿ. ಲೇಖಕರು ಅಂದದ್ದು ಇಷ್ಟೇ: ವಿರೋಧಿಗಳನ್ನು ಪೂರ್ತಿ ಕುರುಡರು ಅನ್ನುವುದು ನ್ಯಾಯವಲ್ಲ. ಒಂದು ಕಾಲದ, ಒಂದು ಗುಂಪಿನ, ಒಂದು ಆಕ್ಷೇಪದ ಬಗ್ಗೆ ಮಾತು. ಡಿ ಅದನ್ನು ಎತ್ತಿಕೊಂಡು ಎಲ್ಲ ವಿಜ್ಞಾನಿಗಳಿಗೂ, ಎಲ್ಲ ಕಾಲಕ್ಕೂ ನಿಯಮ ಮಾಡಿಬಿಟ್ಟಿತು. ಅಷ್ಟು ದೂರ ಹೋಗಲು ಲೇಖಕರು ನಮಗೆ ಟಿಕೆಟ್ ಕೊಟ್ಟಿಲ್ಲ.

ಕಡೇಬೆಂಚು:
ಒಪ್ಪಲ್ಲ. ಬಿ ಅನ್ನುವುದು ಯಾವ ಪ್ಯಾಸೇಜ್‌ಗೆ ಹಾಕಿದರೂ ಹೊಂದುತ್ತದೆ. ‘ಹುರುಳಿರಬಹುದು’ ಅಂತೆ. ಇರಬಹುದು, ಇಲ್ಲದೆಯೂ ಇರಬಹುದು. ಇದೂ ಒಂದು ಉತ್ತರವಾ?

ಮರಳಿಯತ್ನ:
ಅದು ಸಪ್ಪೆಯಾಗಿರುವುದಕ್ಕೆ ಕಾರಣ ಇದೆ ಮಾರಾಯ್ರೇ. ಪ್ರಶ್ನೆ ಬರೆಯುವವರ ಕುರ್ಚಿಯಲ್ಲಿ ಕೂತು ನೋಡಿ. ಸಾವಿರಾರು ಜನ ಬರೆಯುವ ಪರೀಕ್ಷೆ. ಯಾರೋ ಒಬ್ಬರು ‘ನಿಮ್ಮ ಉತ್ತರ ತಪ್ಪು’ ಅಂತ ಕಾಗದ ಬರೆದರೆ ಪ್ಯಾಸೇಜ್‌ನ ಸಾಲು ತೋರಿಸಿ ಸಮರ್ಥಿಸಿಕೊಳ್ಳಲು ಆಗಬೇಕು. ‘ಯಾವ ವಾದವನ್ನೂ ಒಪ್ಪಬಾರದು’ ಅನ್ನುವುದನ್ನು ಸಮರ್ಥಿಸಲು ಬೇಕಾದ ಸಾಲು ಅಲ್ಲಿಲ್ಲ. ‘ಹುರುಳಿರಬಹುದು’ ಅನ್ನುವುದಕ್ಕೆ ಎರಡು ಸಾಲು ಸಾಕು: ಖಂಡಗಳ ಚಲನೆ ಪಠ್ಯಪುಸ್ತಕ ಸೇರಿತು, ವಿರೋಧಿಗಳ ಲೆಕ್ಕವೂ ನಿಲ್ಲುತ್ತದೆ. ಕಡಿಮೆ ಹೇಳುವ ಆಪ್ಷನ್‌ಗೆ ಕಡಿಮೆ ಸಾಕ್ಷಿ ಸಾಕು. ಎರಡು ಉಳಿದಾಗ ‘ಯಾವುದು ಚೆನ್ನಾಗಿದೆ’ ಅಂತ ನಾನೀಗ ಕೇಳಿಕೊಳ್ಳುವುದಿಲ್ಲ. ‘ಯಾವುದನ್ನು ನಾನು ಬೆರಳಿಟ್ಟು ತೋರಿಸಬಲ್ಲೆ’ ಅಂತ ಕೇಳಿಕೊಳ್ಳುತ್ತೇನೆ. ನನ್ನ ಮೊದಲ ಪ್ರಯತ್ನದಲ್ಲಿ ಈ ಒಂದು ಮಾತು ಯಾರೂ ಹೇಳಲಿಲ್ಲ.

ಪದಪಲ್ಲಟ:
ಇದಕ್ಕೆ ಒಂದು ತಿದ್ದುಪಡಿ. ‘ಸಪ್ಪೆ ಇದ್ದರೆ ಸರಿ, ಖಾರ ಇದ್ದರೆ ತಪ್ಪು’ ಅಂತ ಬರೆದಿಟ್ಟುಕೊಂಡು ಹೋಗಬೇಡಿ. ‘ಎಂದಿಗೂ’, ‘ಎಲ್ಲ’, ‘ಮಾತ್ರ’ ಕಂಡ ಕೂಡಲೇ ಆಪ್ಷನ್ ಹೊಡೆದು ಹಾಕುವವರನ್ನು ನಾನು ತುಂಬಾ ನೋಡಿದ್ದೇನೆ. ಪ್ಯಾಸೇಜ್‌ನಲ್ಲೇ ಲೇಖಕರು ‘ಈ ವಿವರಣೆ ಯಾವ ಸಾಕ್ಷ್ಯಕ್ಕೂ ಹೊಂದುವುದಿಲ್ಲ’ ಅಂದಿದ್ದರೆ ಖಾರದ ಆಪ್ಷನ್ನೇ ಸರಿ. ಅಲ್ಲಿ ‘ಸ್ವಲ್ಪ ಅನುಮಾನ ಇದೆ’ ಅನ್ನುವುದು ತಪ್ಪಾಗುತ್ತದೆ. ಆಪ್ಷನ್‌ನ ದನಿ ಪ್ಯಾಸೇಜ್‌ನ ದನಿಗಿಂತ ಏರಲೂ ಬಾರದು, ಇಳಿಯಲೂ ಬಾರದು.

ಈ ದನಿ ಇರುವುದು ಚಿಕ್ಕ ಚಿಕ್ಕ ಪದಗಳಲ್ಲಿ. ಕನ್ನಡದಲ್ಲಿ ನಮಗೆ ಇದು ರಕ್ತದಲ್ಲೇ ಇದೆ. ‘ಅವನೂ ಬಂದ’, ‘ಅವನೇ ಬಂದ’, ‘ಅವನಾದರೂ ಬಂದ’. ಒಂದೊಂದು ಬಾಲಕ್ಕೆ ಒಂದೊಂದು ಅರ್ಥ. ಮೇಲಿನ ಸಿ ಆಪ್ಷನ್ ನೋಡಿ, ‘ಬಲಗಳೇ’ ಅನ್ನುವ ಆ ಏಕಾರದಲ್ಲೇ ಸಿಕ್ಕಿಬೀಳುತ್ತದೆ. ‘ಭಾಷಣ ಅಷ್ಟೇನೂ ಕೆಟ್ಟದಾಗಿರಲಿಲ್ಲ’ ಅಂದರೆ ಹೊಗಳಿದ್ದಲ್ಲ ಅಂತ ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಓದುವಾಗ ಈ ಕಿವಿ ಮುಚ್ಚಿಹೋಗುತ್ತದೆ. ದೊಡ್ಡ ಪದಗಳ ಅರ್ಥ ಹುಡುಕುತ್ತಾ ಚಿಕ್ಕವನ್ನು ದಾಟಿಬಿಡುತ್ತೇವೆ.

ನನ್ನ ವಿದ್ಯಾರ್ಥಿಗಳು ಪದೇ ಪದೇ ಎಡವುವ ಕೆಲವು ಹೇಳುತ್ತೇನೆ. ‘ವೈಲ್’ (while) ಸಾಲಿನ ಮೊದಲಿಗೆ ಬಂದರೆ ಬಹಳ ಸಲ ‘ಆ ಹೊತ್ತಿನಲ್ಲಿ’ ಅಂತಲ್ಲ, ‘ಹಾಗಿದ್ದರೂ’ ಅಂತ. ‘ಕ್ವಾಲಿಫೈಡ್ ಸಪೋರ್ಟ್’ ಅಂದರೆ ಅರ್ಹತೆ ಇರುವ ಬೆಂಬಲ ಅಲ್ಲ, ಷರತ್ತು ಹಾಕಿ ಕೊಟ್ಟ ಬೆಂಬಲ. ಲೇಖಕರ ಧೋರಣೆ ಕೇಳುವ ಪ್ರಶ್ನೆಗಳಲ್ಲಿ ಈ ಪದ ತುಂಬಾ ಜನರನ್ನು ಬೀಳಿಸುತ್ತದೆ. ‘ಅಟ್ ಬೆಸ್ಟ್’ ಅಂದರೆ ಅತ್ಯುತ್ತಮ ಅಲ್ಲ, ‘ಹೆಚ್ಚೆಂದರೆ ಇಷ್ಟು’. ‘ಇಫ್ ಎನಿಥಿಂಗ್’ ಬಂದರೆ ಲೇಖಕರು ನೀವು ಅಂದುಕೊಂಡದ್ದಕ್ಕೆ ಉಲ್ಟಾ ಕಡೆ ಹೊರಟಿದ್ದಾರೆ ಅಂತ ಎದ್ದು ಕೂರಿ. ‘ಹಾರ್ಡ್ಲಿ’ ಅಂದರೆ ‘ಇಲ್ಲವೆನ್ನುವಷ್ಟು ಕಡಿಮೆ’, ಅದು ಗೊತ್ತಿದೆ ಅಂದುಕೊಂಡವರೇ ಅವಸರದಲ್ಲಿ ಅದನ್ನು ‘ಹಾರ್ಡ್’ ಅಂತ ಓದುತ್ತಾರೆ.

ಎರಡರಲ್ಲೊಂದು:
ಕ್ವಾಲಿಫೈಡ್! ಹೋದ ವಾರದ ಮಾಕ್‌ನಲ್ಲಿ, ಅಂದರೆ ಅಭ್ಯಾಸ ಪರೀಕ್ಷೆಯಲ್ಲಿ, ಇದೇ. ‘ಕ್ವಾಲಿಫೈಡ್ ಅಪ್ರೂವಲ್’ ಅಂತ ಇತ್ತು. ಲೇಖಕರು ಪೂರ್ತಿ ಮೆಚ್ಚಿಲ್ಲವಲ್ಲ ಅಂತ ಅದನ್ನೇ ಮೊದಲು ಹೊಡೆದು ಹಾಕಿದೆ. ಅದೇ ಉತ್ತರವಾಗಿತ್ತು.

ಗಡಿಯಾರ:
ಎಲ್ಲ ಸರಿ, ಬೆರಳಿಟ್ಟು ತೋರಿಸುತ್ತಾ ಕೂತರೆ ಟೈಮ್ ಯಾರಪ್ಪ ಕೊಡ್ತಾರೆ? 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ. ವರ್ಬಲ್‌ಗೆ ಎರಡು ಸೆಕ್ಷನ್. ಮೊದಲನೆಯದು 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದು 23 ನಿಮಿಷಕ್ಕೆ 15. ಪ್ರಶ್ನೆಗೆ ಸುಮಾರು ಒಂದೂವರೆ ನಿಮಿಷ, ಪ್ಯಾಸೇಜ್ ಓದುವುದೂ ಅದರಲ್ಲೇ. ಹೆಚ್ಚುಕಡಿಮೆ ಅರ್ಧ ಪ್ರಶ್ನೆಗಳು ಆರ್‌ಸಿ. ಖಾಲಿ ಜಾಗದವನ್ನು ಒಂದೊಂದು ನಿಮಿಷದಲ್ಲಿ ಮುಗಿಸಿದರೆ ಆರ್‌ಸಿ ಪ್ರಶ್ನೆಗೆ ಎರಡೆರಡು ನಿಮಿಷ ಸಿಗುತ್ತದೆ. ಇಷ್ಟೇ ಬಂಡವಾಳ.

ನಾನು ಬರೆಯುತ್ತಿರುವುದು ಜಿಮ್ಯಾಟ್, ಎಂಬಿಎ ಪ್ರವೇಶದ ಪರೀಕ್ಷೆ. ಅಲ್ಲಿ ವರ್ಬಲ್ 45 ನಿಮಿಷಕ್ಕೆ 23 ಪ್ರಶ್ನೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳೇ ಇಲ್ಲ. ಆರ್‌ಸಿ ಮತ್ತು ಕ್ರಿಟಿಕಲ್ ರೀಸನಿಂಗ್ (ಒಂದು ವಾದವನ್ನು ಒರೆಗೆ ಹಚ್ಚುವ ಪ್ರಶ್ನೆಗಳು) ಮಾತ್ರ. ಅಂದರೆ ಓದಲು ಬಾರದವನಿಗೆ ಅಡಗಿಕೊಳ್ಳಲು ಜಾಗವೇ ಉಳಿದಿಲ್ಲ.

ಮರಳಿಯತ್ನ:
ಲೆಕ್ಕ ಸರಿ. ಆದರೆ ಎರಡು ಆಪ್ಷನ್ ನಡುವೆ ಒದ್ದಾಡುವ ಆ ಒಂದು ನಿಮಿಷ ಎಲ್ಲಿಂದ ಬರುತ್ತದೆ ನೋಡಿ. ಮೊದಲ ಓದಿನಲ್ಲಿ ಉಳಿಸಿದ ಇಪ್ಪತ್ತು ಸೆಕೆಂಡನ್ನು ಕೊನೆಯಲ್ಲಿ ಬಡ್ಡಿ ಸಮೇತ ಕಟ್ಟುತ್ತೇವೆ. ನಾನು ಒಂದೇ ಪ್ಯಾರಾ ಇರುವುದನ್ನು ನಿಧಾನವಾಗಿ ಒಂದೇ ಸಲ ಓದುತ್ತೇನೆ. ಹೆಚ್ಚಿನವು ಒಂದೇ ಪ್ಯಾರಾದವು. ಓದಿದ ಮೇಲೆ ಒಂದು ಉಸಿರಿನಲ್ಲಿ ನನಗೇ ಹೇಳಿಕೊಳ್ಳುತ್ತೇನೆ, ‘ಜನ ಹೀಗೆ ಅನ್ನುತ್ತಾರೆ, ಇವರು ಅಷ್ಟಲ್ಲ ಅನ್ನುತ್ತಿದ್ದಾರೆ, ಯಾಕೆಂದರೆ ಲೆಕ್ಕ ಇತ್ತು’. ಇಷ್ಟು ಒರಟಾಗಿದ್ದರೆ ಸಾಕು. ಕನ್ನಡದಲ್ಲೇ ಹೇಳಿಕೊಳ್ಳುತ್ತೇನೆ, ಬೇಗ ಆಗುತ್ತದೆ. ಆದರೆ ಓದುತ್ತಾ ಸಾಲು ಸಾಲು ಅನುವಾದ ಮಾಡಲು ಹೋಗಬೇಡಿ, ಮುಳುಗುತ್ತೀರಿ.

ಕಡೇಬೆಂಚು:
ಮೊದಲು ಪ್ರಶ್ನೆ ಓದಿ ಆಮೇಲೆ ಪ್ಯಾಸೇಜ್‌ಗೆ ಹೋಗುವುದು ಬೆಸ್ಟ್ ಅಲ್ವಾ? ಏನು ಹುಡುಕಬೇಕು ಅಂತ ಗೊತ್ತಿರುತ್ತದೆ.

ಗಡಿಯಾರ:
ಕಾಗದದ ಪರೀಕ್ಷೆಯ ಬುದ್ಧಿ ಅದು. ಇಲ್ಲಿ ಪರದೆಯ ಮೇಲೆ ಪ್ಯಾಸೇಜ್ ಜೊತೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕಾಣುತ್ತದೆ. ಜಿಮ್ಯಾಟ್‌ನಲ್ಲಿ ಉತ್ತರ ಕೊಡದೆ ಮುಂದಿನ ಪ್ರಶ್ನೆಗೆ ಹೋಗಲು ಬಿಡುವುದೇ ಇಲ್ಲ. ಸೆಕ್ಷನ್ ಕೊನೆಯಲ್ಲಿ ಟೈಮ್ ಉಳಿದರೆ ಹಿಂದಕ್ಕೆ ಹೋಗಿ ಮೂರು ಉತ್ತರಗಳವರೆಗೆ ಬದಲಾಯಿಸಬಹುದು, ಅಷ್ಟೇ. ಜಿಆರ್‌ಇಯಲ್ಲಿ ಸೆಕ್ಷನ್ ಒಳಗೆ ಹಿಂದೆ ಮುಂದೆ ಓಡಾಡಬಹುದು ನಿಜ. ಹಾಗಂತ ಮೂರು ಪ್ರಶ್ನೆ ಇಣುಕಿ ನೋಡಿ ವಾಪಸ್ ಬರುವಷ್ಟರಲ್ಲಿ ಪ್ಯಾಸೇಜ್ ಓದಿ ಮುಗಿದಿರುತ್ತಿತ್ತು. ಒಂದು ಪ್ಯಾಸೇಜ್‌ಗೆ ಒಂದೇ ಪ್ರಶ್ನೆ ಇದ್ದರೆ, ಅದೂ ವಾದವನ್ನು ದುರ್ಬಲ ಮಾಡುವುದು ಯಾವುದು ಅನ್ನುವ ಬಗೆಯದಾದರೆ, ಆಗ ಪ್ರಶ್ನೆ ಮೊದಲು ನೋಡುವುದರಲ್ಲಿ ಲಾಭ ಇದೆ.

ಹಾಂ, ಜಿಆರ್‌ಇಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಯಾವುದನ್ನೂ ಖಾಲಿ ಬಿಡಬೇಡಿ.

ಸುಮ್ನೆಓದುವವ:
ನಾನು ಪರೀಕ್ಷೆ ಬರೆಯುತ್ತಿಲ್ಲ, ಮಾತು ಚೆನ್ನಾಗಿದೆ ಅಂತ ಬಂದೆ. ವೇಗವಾಗಿ ಓದುವುದನ್ನು ಕಲಿಸುವ ಆ್ಯಪ್‌ಗಳಿವೆಯಲ್ಲ, ನಿಮಿಷಕ್ಕೆ ಸಾವಿರ ಪದ ಅಂತೆಲ್ಲ. ಅವು ಇದಕ್ಕೆ ಆಗುವುದಿಲ್ಲವಾ?

ಪದಪಲ್ಲಟ:
ಆಗುವುದಿಲ್ಲ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಎಂಬುದರ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಕೀತ್ ರೇನರ್ ಮತ್ತು ಸಂಗಡಿಗರ ದೊಡ್ಡ ವಿಮರ್ಶಾ ಲೇಖನ 2016ರಲ್ಲಿ ಬಂತು. ಅದರ ತಿರುಳು: ವೇಗ ಏರಿಸಿದರೆ ತಿಳಿಯುವುದು ಇಳಿಯುತ್ತದೆ, ಎರಡನ್ನೂ ಒಟ್ಟಿಗೆ ಕೊಡುವ ಮಂತ್ರ ಇಲ್ಲ. ಇನ್ನೊಂದು. ಚೆನ್ನಾಗಿ ಓದುವವರ ಕಣ್ಣೂ ನಡುನಡುವೆ ಹಿಂದಕ್ಕೆ ಜಿಗಿಯುತ್ತದೆ. ಅದು ದೋಷವಲ್ಲ, ಅರ್ಥವನ್ನು ಸರಿಪಡಿಸಿಕೊಳ್ಳುವ ದಾರಿ. ಪದಗಳನ್ನು ಒಂದೊಂದಾಗಿ ಮಿನುಗಿಸುವ ಆ್ಯಪ್‌ಗಳು ಆ ದಾರಿಯನ್ನೇ ಮುಚ್ಚಿಬಿಡುತ್ತವೆ. ನಿಮ್ಮ ಕೋಚಿಂಗ್‌ನವರ ಮೊದಲ ಸಾಲು ಕೊನೆಯ ಸಾಲಿನ ಉಪಾಯವನ್ನೂ ಇದೇ ಪಟ್ಟಿಗೆ ಸೇರಿಸಿ. ವೆಗೆನರ್ ಪ್ಯಾಸೇಜ್‌ನ ತಿರುವು ಇರುವುದು ಐದನೆಯ ಸಾಲಿನಲ್ಲಿ!

ಶಿಲಾಪಟ:
ನನ್ನ ಎ ಉತ್ತರದ ಬಗ್ಗೆ ಎರಡು ದಿನ ಸಿಟ್ಟಿತ್ತು. ಈಗ ಇಳಿದಿದೆ. ಮತ್ತೊಂದು ಪ್ರಶ್ನೆ ಕೊಡಿ, ಅದೇ ಪ್ಯಾಸೇಜ್‌ಗೆ.

ಮರಳಿಯತ್ನ:
ತಗೊಳ್ಳಿ. ಜಿಆರ್‌ಇಯಲ್ಲಿ ಬರುವ ಮೂರು ಆಪ್ಷನ್‌ಗಳ ಬಗೆ. ಒಂದು, ಎರಡು ಅಥವಾ ಮೂರೂ ಸರಿ ಇರಬಹುದು. ಸರಿಯಾದದ್ದೆಲ್ಲ ಗುರುತಿಸಿದರೆ ಮಾತ್ರ ಅಂಕ, ಅರ್ಧ ಸರಿಗೆ ಏನೂ ಇಲ್ಲ.

ಪ್ಯಾಸೇಜ್‌ನಿಂದ ಯಾವ ಯಾವ ಮಾತನ್ನು ಊಹಿಸಬಹುದು?

1. ಪಳೆಯುಳಿಕೆಗಳ ಸಾಕ್ಷ್ಯ ಅಂದಿನ ಹೆಚ್ಚಿನ ಭೂವಿಜ್ಞಾನಿಗಳನ್ನು ಒಪ್ಪಿಸಲು ಸಾಲಲಿಲ್ಲ.
2. ವೆಗೆನರ್ ಸೂಚಿಸಿದ ಬಲಗಳಿಂದ ಖಂಡಗಳ ಚಲನೆಯನ್ನು ಇಂದಿಗೂ ವಿವರಿಸಲಾಗದು.
3. ಸರಿಯಾದ ಬಲವನ್ನು ಸೂಚಿಸಿದ್ದರೆ ವೆಗೆನರ್ ವಾದವನ್ನು ಅಂದೇ ಒಪ್ಪುತ್ತಿದ್ದರು.

ಕಡೇಬೆಂಚು:
ಮೂರೂ.

ಎರಡರಲ್ಲೊಂದು:
ಮೂರು ವಾರದ ಮೇಲೆ ಬಂದಿದ್ದೇನೆ, ಇದಕ್ಕೆ ಉತ್ತರ ಕೊಡಲು. 1 ಮತ್ತು 2.

1: ಸಾಕ್ಷ್ಯ ಅವರಿಗೆ ತಿಳಿದಿತ್ತು, ಆದರೂ ಒಪ್ಪಲಿಲ್ಲ. ಎರಡು ಸಾಲು ಜೋಡಿಸಿದರೆ ಬರುತ್ತದೆ. 2: ಆ ಬಲಗಳು ತೀರಾ ದುರ್ಬಲ ಅನ್ನುವ ಲೆಕ್ಕ ಇಂದಿಗೂ ನಿಲ್ಲುತ್ತದೆ. 3ರಲ್ಲಿ ಬೆರಳಿಡಲು ಹೋದೆ, ಸಾಲು ಸಿಗಲಿಲ್ಲ. ‘ಒಂದು ಮುಖ್ಯ ಆಕ್ಷೇಪ’ ಅಂತ ಇದೆ. ಬೇರೆ ಆಕ್ಷೇಪಗಳು ಇರಲಿಲ್ಲ ಅಂತ ಇಲ್ಲ. ಇದ್ದದ್ದು ಅದೊಂದೇ ಆಗಿದ್ದರೂ, ಅದು ಹೋದ ಕೂಡಲೇ ಒಪ್ಪುತ್ತಿದ್ದರು ಅಂತ ಲೇಖಕರು ಎಲ್ಲೂ ಹೇಳಿಲ್ಲ.

ಈ ಮೂರು ವಾರ ಹೊಸ ಪ್ಯಾಸೇಜ್ ಕಡಿಮೆ ಮಾಡಿದೆ. ತಪ್ಪಾದವನ್ನೇ ಮತ್ತೆ ತೆಗೆದು, ಪ್ರತಿ ಆಪ್ಷನ್ ಪಕ್ಕ ಯಾವ ಸಾಲು ಅಂತ ಬರೆದೆ. ಸಾಲು ಸಿಗದಿದ್ದರೆ ಖಾಲಿ ಬಿಟ್ಟೆ. ಒಂದು ಪ್ಯಾಸೇಜ್‌ಗೆ ಅರ್ಧ ಗಂಟೆ ಹೋಗುತ್ತಿತ್ತು, ಬೇಜಾರಿನ ಕೆಲಸ. ಇಟಿಎಸ್‌ನವರ ಎರಡು ಉಚಿತ ಪವರ್‌ಪ್ರೆಪ್ ಅಭ್ಯಾಸ ಪರೀಕ್ಷೆಗಳಲ್ಲಿ ಮೊದಲನೆಯದನ್ನು ನಿನ್ನೆ ಬರೆದೆ. ಆರ್‌ಸಿಯಲ್ಲಿ ನಾಲ್ಕು ತಪ್ಪು. ಎರಡರಲ್ಲಿ ಟೈಮ್ ಮುಗಿದಿತ್ತು, ಒಂದರಲ್ಲಿ ಪದ ಗೊತ್ತಿರಲಿಲ್ಲ. ಇನ್ನೊಂದು ಮತ್ತೆ ಅದೇ, ನನಗೆ ಮೊದಲೇ ಗೊತ್ತಿದ್ದ ವಿಷಯ.

ಶಿಲಾಪಟ:
ಸ್ವಾಗತ. ಹೊಂಡದಲ್ಲಿ ಜಾಗ ಇದೆ.

ಕಡೇಬೆಂಚು:
3ರ ಬಗ್ಗೆ ನನಗೆ ಇನ್ನೂ ಸಮಾಧಾನ ಇಲ್ಲ. ಅದು ಮುಖ್ಯ ಆಕ್ಷೇಪ ಅಂದ ಮೇಲೆ ಅದು ಹೋದರೆ ಒಪ್ಪದೆ ಇನ್ನೇನು ಮಾಡುತ್ತಿದ್ದರು?

ಮರಳಿಯತ್ನ:
ಗೊತ್ತಿಲ್ಲ. ಪ್ಯಾಸೇಜ್‌ಗೂ ಗೊತ್ತಿಲ್ಲ.